ಗರಡಿಯಲ್ಲಿ ಕಲಿತ ಬೀಳುವ ವಿದ್ಯೆ ಬೀದಿಯ ಹಿರಿಯರಿಗೆ ದಕ್ಕೀತೇ? ನಿಮ್ಮ ಆಟ, ನಿಮ್ಮ ಕಲೆ ಅಂಗಳದಾಚೆ ಯಾರ ಕೈಹಿಡಿದಿದೆ?

ಮಟ್ಟಿಮಣ್ಣು, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಹದಿನಾಲ್ಕು ವರ್ಷ ಗರಡಿಯಲ್ಲಿ ಸಾಮು ಮಾಡಿದವನು. ದಸರಾ ಕುಸ್ತಿಗೆ ಐದು ಸಲ ನನ್ನ ಜೋಡಿ ಕಟ್ಟಿದ್ದರು. ಎರಡು ಗೆದ್ದೆ, ಎರಡು ಸೋತೆ, ಒಂದು ಸಮವಾಯಿತು. ಮೊಣಕಾಲು ಕೈಕೊಟ್ಟ ಮೇಲೆ ಕುಸ್ತಿ ನಿಂತಿತು, ಈಗ ತರಕಾರಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುತ್ತೇನೆ. ಪ್ರಾಯದ ವರ್ಷಗಳನ್ನೆಲ್ಲ ಮಣ್ಣಿನಲ್ಲಿ ಕಳೆದೆನಲ್ಲ, ಅದರಿಂದ ಯಾರಿಗೆ ಏನು ಬಂತು ಎಂಬ ಕೊರಗು ಬಹಳ ದಿನ ಇತ್ತು. ಕಳೆದ ತಿಂಗಳು ನಡೆದ ಸಂಗತಿಯೊಂದು ನನ್ನನ್ನು ಬೇರೆ ದಿಕ್ಕಿನಲ್ಲಿ ಯೋಚಿಸುವಂತೆ ಮಾಡಿದೆ.

ನಮ್ಮ ಬೀದಿಯ ಅಜ್ಜಿಯೊಬ್ಬರು ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ದಿನಾ ಸಂಜೆ ಜಗಲಿಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತನಾಡಿಸುತ್ತಿದ್ದವರು ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಅದೇ ವಾರ ನಾನು ಟೊಮೆಟೊ ಕ್ರೇಟು ಹೊತ್ತು ಇಳಿಯುವಾಗ ಒದ್ದೆ ಮೆಟ್ಟಿಲಿನ ಮೇಲೆ ಜಾರಿದೆ. ನನ್ನ ತೂಕ ತೊಂಬತ್ತೆರಡು ಕೆ.ಜಿ. ಕ್ರೇಟು ಯಾವಾಗ ಬಿಟ್ಟೆನೋ, ಗದ್ದ ಯಾವಾಗ ಎದೆಗೆ ಒತ್ತಿಕೊಂಡಿತೋ, ಭುಜದ ಮೇಲೆ ಯಾವಾಗ ಉರುಳಿದೆನೋ ನನಗೇ ತಿಳಿಯದು. ಎದ್ದು ನೋಡಿದರೆ ಮೊಣಕೈ ಮೇಲೆ ಒಂದು ಗೀರು, ಅಷ್ಟೆ. ಟೊಮೆಟೊ ಮಾತ್ರ ಒಂದೂ ಉಳಿದಿರಲಿಲ್ಲ.

ಗರಡಿಗೆ ಸೇರಿದ ಮೊದಲ ಮೂರು ತಿಂಗಳು ಉಸ್ತಾದರು ನನಗೆ ಒಂದೇ ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ಬೆಳಗಿನ ಐದಕ್ಕೆ ಹೋಗಿ ಮಟ್ಟಿ, ಅಂದರೆ ಕುಸ್ತಿಯಾಡುವ ಅಂಕಣದ ಮಣ್ಣು, ಅಗೆದು ಹದ ಮಾಡಬೇಕು. ಜರಡಿ ಹಿಡಿದ ಕೆಮ್ಮಣ್ಣು, ಅದಕ್ಕೆ ಎಣ್ಣೆ, ಅರಿಶಿನ, ಮಜ್ಜಿಗೆ. ಹನುಮಂತನ ಪಟಕ್ಕೆ ಕೈಮುಗಿದು ಇಳಿಯಬೇಕು. ಆಮೇಲೆ ಬೀಳಬೇಕು. ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ. "ಕೈ ಊರಬೇಡ, ಊರಿದರೆ ಮಣಿಕಟ್ಟು ಹೋಗುತ್ತದೆ. ತಲೆ ಒಳಗೆ ತೆಗೆದುಕೋ. ಉಸಿರು ಬಿಡು. ನೆಲವನ್ನು ಎದುರಿಸಬೇಡ, ನೆಲದ ಜೊತೆ ಹೋಗು." ದಿನಕ್ಕೆ ನೂರು ಸಲ ಬಿದ್ದಿದ್ದೇನೆ. ಗೆಲ್ಲುವುದನ್ನು ಕಲಿಯಲು ಬಂದವನಿಗೆ ಬೀಳುವುದನ್ನು ಏಕೆ ಕಲಿಸುತ್ತಾರೆ ಎಂದು ಆಗ ಸಿಟ್ಟು ಬರುತ್ತಿತ್ತು.

ಈಗ ಅನ್ನಿಸುತ್ತಿದೆ, ಪದಕಕ್ಕಿಂತ ಹೆಚ್ಚಿನ ಆಸ್ತಿ ಅದೇ. ಅದು ಮೈಯಲ್ಲಿ ಇಳಿದಿದೆ, ಆದರೆ ನನ್ನೊಬ್ಬನ ಮೈಯಲ್ಲಿ ಇದ್ದು ಏನು ಪ್ರಯೋಜನ? ಹೋದ ಭಾನುವಾರ ನಮ್ಮ ಬೀದಿಯ ಮೂವರು ಹಿರಿಯರನ್ನು ಸೇರಿಸಿ, ಹತ್ತಿ ಹಾಸಿಗೆ ಹಾಸಿ, ಪಕ್ಕಕ್ಕೆ ಉರುಳುವುದನ್ನು ತೋರಿಸಿದೆ. ಒಬ್ಬರು ನಿವೃತ್ತ ಬಸ್ ಚಾಲಕರು, ಬಹಳ ಆಸಕ್ತಿಯಿಂದ ಮಾಡಿದರು. ಇದನ್ನು ಮುಂದುವರಿಸಬಹುದೇ? ಹಾಗೆಯೇ ನಿಮ್ಮಲ್ಲಿ ಆಟ ಆಡಿದವರು, ಕುಣಿದವರು, ಹಾಡಿದವರು ಇದ್ದೀರಿ. ನೀವು ಕಲಿತದ್ದು ಅಂಗಳದಾಚೆ ಯಾರಿಗಾದರೂ ದಕ್ಕಿದ್ದರೆ ದಯವಿಟ್ಟು ಬರೆಯಿರಿ.

ಫಿಸಿಯೋ ಅಕ್ಕ, ಕುವೆಂಪುನಗರ

ಅಣ್ಣ, ಮೊದಲು ನಿಮಗೊಂದು ನಮಸ್ಕಾರ. ಎರಡನೆಯದು, ದಯವಿಟ್ಟು ಒಂದು ವಾರ ತಡೆಯಿರಿ. ನಾನು ಫಿಸಿಯೋಥೆರಪಿಸ್ಟ್. ಬಿದ್ದು ಬಂದವರನ್ನು ಪ್ರತಿದಿನ ನೋಡುವವಳು.

ನಿಮ್ಮ ಉಸ್ತಾದರು ಹೇಳಿದ್ದು ಅಕ್ಷರಶಃ ನಿಜ. ಬೀಳುವಾಗ ಅಂಗೈ ಊರಿ ಮಣಿಕಟ್ಟಿನ ಹತ್ತಿರ ಮೂಳೆ ಮುರಿದುಕೊಳ್ಳುವುದು ನಾವು ಅತಿ ಹೆಚ್ಚು ಕಾಣುವ ಪೆಟ್ಟುಗಳಲ್ಲಿ ಒಂದು. ಜೂಡೋದಲ್ಲಿಯೂ ಮೊದಲ ಪಾಠ ಬೀಳುವುದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ ಅರುವತ್ತು ದಾಟಿದವರೇ ಹೆಚ್ಚು. ಹಾಗಾಗಿ ನೀವು ಕೈಹಾಕಿರುವುದು ಸಣ್ಣ ವಿಷಯಕ್ಕಲ್ಲ.

ಆದರೆ ಹದಿನಾರರ ಹುಡುಗನ ಮೂಳೆ ಬೇರೆ, ಎಪ್ಪತ್ತರ ಅಜ್ಜಿಯ ಮೂಳೆ ಬೇರೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ಬೆನ್ನುಮೂಳೆ ಟೊಳ್ಳಾಗಿರುವುದು ಅವರಿಗೇ ಗೊತ್ತಿರುವುದಿಲ್ಲ. ಅಂಥವರು ಹಾಸಿಗೆಯ ಮೇಲೆ ಬೆನ್ನು ಬಗ್ಗಿಸಿ ಉರುಳಿದರೂ ಅಪಾಯವಾಗಬಹುದು. ನೀವು ಕಲಿಸಬೇಕಾದದ್ದರ ಕ್ರಮವನ್ನು ತಿರುಗಿಸಿ ಎಂದು ಕೇಳಿಕೊಳ್ಳುತ್ತೇನೆ. ಮೊದಲು ಎದ್ದೇಳುವುದನ್ನು ಕಲಿಸಿ.

ಬಿದ್ದವರಲ್ಲಿ ಎಷ್ಟೋ ಮಂದಿಗೆ ಮೂಳೆ ಮುರಿದಿರುವುದಿಲ್ಲ, ಆದರೂ ನೆಲದಿಂದ ಏಳಲು ಬರುವುದಿಲ್ಲ. ಗಂಟೆಗಟ್ಟಲೆ ತಣ್ಣನೆಯ ನೆಲದ ಮೇಲೆ ಬಿದ್ದಿದ್ದರೆ ಸ್ನಾಯು ಜಜ್ಜಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ, ಚರ್ಮ ಕೊಳೆಯುತ್ತದೆ. ಹೇಗೆ ಏಳಬೇಕು ಎಂದರೆ, ಮೊದಲು ಗಾಬರಿಯಾಗದೆ ಒಂದು ನಿಮಿಷ ಹಾಗೆಯೇ ಮಲಗಿ ಕೈಕಾಲು ಆಡಿಸಿ ನೋಡಬೇಕು. ನೋವು ತೀವ್ರವಾಗಿದ್ದರೆ ಏಳಲೇಬಾರದು, ಕೂಗಿ ಕರೆಯಬೇಕು. ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಮೊಣಕೈ ಮೇಲೆ ಭಾರ ಕೊಟ್ಟು, ಮಗು ಅಂಬೆಗಾಲಿಡುವಂತೆ ನಾಲ್ಕು ಕಾಲಿಗೆ ಬಂದು, ಗಟ್ಟಿಯಾದ ಕುರ್ಚಿಯವರೆಗೆ ತೆವಳಿ, ಎರಡು ಕೈ ಅದರ ಮೇಲಿಟ್ಟು, ಬಲವಾದ ಕಾಲಿನ ಪಾದವನ್ನು ಮುಂದಕ್ಕೆ ಊರಿ ಏಳಬೇಕು. ನಿಮ್ಮ ಗರಡಿಯಲ್ಲಿ ಕೆಳಗೆ ಸಿಕ್ಕ ಪೈಲ್ವಾನ್ ಚಿತ್ ಆಗದೆ, ಅಂದರೆ ಬೆನ್ನು ನೆಲಕ್ಕೆ ತಾಗಿಸದೆ, ಮಗುಚಿ ಮೇಲೇಳುತ್ತಾನಲ್ಲ, ಹೆಚ್ಚುಕಡಿಮೆ ಅದೇ.

ಎರಡನೆಯದು ಬಸ್ಕಿ. ಪೂರ್ತಿ ಬಸ್ಕಿ ಬೇಡ, ಕುರ್ಚಿಯಿಂದ ಕೈ ಹಿಡಿಯದೆ ಹತ್ತು ಸಲ ಎದ್ದು ಕೂರುವುದು ಸಾಕು. ತೊಡೆಯಲ್ಲಿ ಬಲವಿದ್ದರೆ ಎಷ್ಟೋ ಬೀಳುವಿಕೆ ಅಲ್ಲೇ ನಿಲ್ಲುತ್ತದೆ. ಉರುಳುವುದನ್ನು ಅರುವತ್ತರ ಒಳಗಿನವರಿಗೆ, ವೈದ್ಯರು ಸರಿ ಎಂದವರಿಗೆ ಮಾತ್ರ ಇಟ್ಟುಕೊಳ್ಳಿ. ರಕ್ತದೊತ್ತಡದ ಮಾತ್ರೆ ನುಂಗುವವರು ಹಾಸಿಗೆಯಿಂದ ತಟ್ಟನೆ ಎದ್ದರೆ ತಲೆಸುತ್ತು ಬರುವುದುಂಟು, ಅದನ್ನೂ ಕೇಳಿಕೊಳ್ಳಿ.

ಮಟ್ಟಿಮಣ್ಣು

ಮೇಡಂ, ನೀವು ಹೇಳಿದ್ದನ್ನು ಮೂರು ಸಲ ಓದಿದೆ. ಚಾಲಕರ ವಯಸ್ಸು ಎಪ್ಪತ್ತೊಂದು. ನಾನು ಯೋಚಿಸದೆ ಉರುಳಿಸಿದ್ದೆ. ಇವತ್ತೇ ಹೋಗಿ ಬೇಡ ಎಂದು ಹೇಳಿ ಬಂದೆ. ಇನ್ನು ಮೇಲೆ ಕುರ್ಚಿಯಿಂದ ಶುರು.

ನಾಲೆಯ ದಂಡೆ, ಪಾಂಡವಪುರ

ನನ್ನದು ಈಜು. ವಿಶ್ವವಿದ್ಯಾಲಯದ ತಂಡದಲ್ಲಿ ಬ್ರೆಸ್ಟ್ ಸ್ಟ್ರೋಕ್ ಈಜುತ್ತಿದ್ದೆ. ಆಮೇಲೆ ಊರಿಗೆ ಬಂದು ಕಬ್ಬು, ಭತ್ತ.

2018ರ ನವೆಂಬರ್ 24ರಂದು ನಮ್ಮ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಮಂದಿ ಹೋದರು. ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಮುಳುಗಿದ ಬಸ್ಸಿನೊಳಗಿನಿಂದ ಹೊರಬರುವುದು ಈಜು ಗೊತ್ತಿದ್ದರೂ ಕಷ್ಟವೇ. ಈಜು ಬಂದಿದ್ದರೆ ಎಲ್ಲರೂ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವುದು ಹೆತ್ತವರ ದುಃಖಕ್ಕೆ ಅಪಚಾರ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲೆಯ ಪಕ್ಕದಲ್ಲೇ ಹುಟ್ಟಿದ ಮಕ್ಕಳಿಗೆ ನೀರೆಂದರೆ ಏನು ಎಂದು ಯಾರೂ ಹೇಳಿಕೊಟ್ಟಿಲ್ಲವಲ್ಲ ಎಂಬ ಯೋಚನೆ ಹತ್ತಿತು.

ನಮ್ಮ ತಾತನ ಕಾಲದಲ್ಲಿ ಊರಿಗೆ ನಾಲ್ಕು ತೋಡುಬಾವಿ ಇದ್ದವು. ಸೊಂಟಕ್ಕೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿ ಮಕ್ಕಳನ್ನು ಇಳಿಸುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ತೋಡುಬಾವಿ ಬತ್ತಿದವು, ಕಸ ತುಂಬಿದವು. ಕಲಿಯುವ ಜಾಗ ಹೋಯಿತು, ಮುಳುಗುವ ಜಾಗ ಮಾತ್ರ ಉಳಿಯಿತು. ನಾಲೆಯ ಬದಿಗೆ ಕಾಂಕ್ರೀಟು ಹಾಕಿರುವ ಕಡೆ ಇಳಿಜಾರು, ಮೇಲೆ ಪಾಚಿ. ಬಟ್ಟೆ ಒಗೆಯಲು ಇಳಿದ ಹೆಂಗಸು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಕೃಷಿಹೊಂಡದ್ದೂ ಅದೇ ಕಥೆ, ಒಳಗೆ ಹಾಸಿರುವ ಪ್ಲಾಸ್ಟಿಕ್ ಹಾಳೆಯ ಮೇಲೆ ದೊಡ್ಡವರ ಕಾಲೂ ನಿಲ್ಲದು.

ನಮ್ಮೂರಿನಲ್ಲಿ ಮೆಟ್ಟಿಲಿರುವ ಬಾವಿ ಒಂದೇ ಉಳಿದಿದೆ. ಅದರ ಯಜಮಾನರು ಒಪ್ಪಿದರು. ಮೂರು ಬೇಸಿಗೆಯಿಂದ ಅಲ್ಲಿ ಕಲಿಸುತ್ತಿದ್ದೇನೆ. ನನ್ನ ಸ್ಟ್ರೋಕ್ ಆ ಮಕ್ಕಳಿಗೆ ಬೇಡ. ಅವರಿಗೆ ಬೇಕಾದದ್ದು ಅಂಗಾತ ತೇಲುವುದು, ನಿಂತ ನೀರಿನಲ್ಲಿ ಕೈಕಾಲು ಆಡಿಸಿ ತಲೆ ಮೇಲಿಟ್ಟುಕೊಳ್ಳುವುದು, ಇಪ್ಪತ್ತೈದು ಮೀಟರ್ ದಾಟುವುದು. ಹರಿವಿಗೆ ಸಿಕ್ಕರೆ ಎದುರು ಈಜಬಾರದು. ಕಾಲು ಮುಂದಕ್ಕೆ ಮಾಡಿ ತೇಲಿಕೊಂಡು ಓರೆಯಾಗಿ ದಡ ಸೇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾರೋ ಮುಳುಗುತ್ತಿದ್ದಾರೆಂದು ಹಿಂದೆಯೇ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಹೋದ ಸುದ್ದಿಯನ್ನು ನಾವೆಲ್ಲ ಎಷ್ಟು ಸಲ ಓದಿಲ್ಲ! ಸೀರೆ ಎಸೆಯಬೇಕು, ಗಳ ಚಾಚಬೇಕು, ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನನ್ನು ಎಸೆಯಬೇಕು. ಐದು ಲೀಟರ್ ಕ್ಯಾನನ್ನು ಎದೆಗೆ ಅವುಚಿಕೊಂಡರೆ ಮಗು ತೇಲುತ್ತದೆ. ಇದನ್ನು ಪ್ರತಿ ಮಗುವಿನ ಕೈಯಲ್ಲೂ ಮಾಡಿಸಿ ತೋರಿಸುತ್ತೇನೆ.

ಹೆಣ್ಣುಮಕ್ಕಳನ್ನು ಕಳಿಸಲು ಮೊದಲ ವರ್ಷ ಯಾರೂ ಒಪ್ಪಲಿಲ್ಲ. ನನ್ನ ಹೆಂಡತಿ ಚೂಡಿದಾರದಲ್ಲೇ ಇಳಿದು ಕಲಿತಳು. ಎರಡನೆಯ ವರ್ಷ ಹನ್ನೊಂದು ಮಂದಿ ಬಂದರು.

ರೈಡರ್, ಮದ್ದೂರು

ಎಲ್ಲ ಓದಿದೆ, ಕಣ್ಣು ತುಂಬಿ ಬಂತು. ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಬೇಸರಿಸಬೇಡಿ.

ಕಬಡ್ಡಿಯಲ್ಲಿ ಜಿಲ್ಲೆ, ವಿಭಾಗ ಎಲ್ಲ ಆಡಿದೆ. ಭುಜ ಹೋಯಿತು. ಆಟಗಾರನಿಗೆ ಊರಿನವರು ಮೊದಲು ಕೇಳುವುದು "ಕೆಲಸ ಸಿಕ್ಕಿತಾ?" ಎಂದು. ಸಿಗದಿದ್ದರೆ ಎರಡನೆಯ ಪ್ರಶ್ನೆ, "ಹಾಗಾದರೆ ನಮ್ಮ ಶಾಲೆಯ ಹುಡುಗರಿಗೆ ಸುಮ್ಮನೆ ಹೇಳಿಕೊಡು" ಎಂದು. ಒಂದು ಶಾಲೆಯಲ್ಲಿ ಎರಡು ವರ್ಷ ಹೇಳಿಕೊಟ್ಟೆ. ತಂಡ ಗೆದ್ದ ದಿನ ಶಾಲು, ಹಣ್ಣಿನ ತಟ್ಟೆ ಕೊಟ್ಟರು. ಬಸ್ಸಿನ ಖರ್ಚಿಗೆ ಯಾರೂ ಒಂದು ರೂಪಾಯಿ ಕೊಡಲಿಲ್ಲ. ನನ್ನ ತಾಯಿ ಗಾರ್ಮೆಂಟ್ಸ್‌ಗೆ ಹೋಗಿ ತಂದ ಹಣದಲ್ಲಿ ನಾನು ಸಮಾಜಸೇವೆ ಮಾಡುತ್ತಿದ್ದೆ ಎಂದು ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಹೆಸರು, ಹಣ ಎರಡೂ ಇರುವವರ ಸೇವೆ ಬೇರೆ. ಆಟ ಮುಗಿದ ಮೇಲೆ ಒಲೆ ಹೊತ್ತಿಸುವುದು ಹೇಗೆ ಎಂದು ಯೋಚಿಸುವವರ ಸೇವೆ ಬೇರೆ. ಈಜು ಕಲಿಸುವ ಅಣ್ಣನಿಗೆ ಪಂಚಾಯಿತಿ ಗೌರವಧನ ಕೊಡಲಿ. ಮಟ್ಟಿಮಣ್ಣು ಅವರಿಗೆ ಬೀದಿಯವರು ತಿಂಗಳಿಗೆ ಐವತ್ತು ರೂಪಾಯಿ ಹಾಕಿ ಕೊಡಲಿ. ವಿದ್ಯೆಗೆ ಬೆಲೆ ಇದೆ ಎಂದು ಒಪ್ಪಿದರೆ ಮಾತ್ರ ಅದು ಉಳಿಯುತ್ತದೆ.

ತಮಟೆ, ಮಳವಳ್ಳಿ ಕಡೆಯವನು

ರೈಡರ್ ಹೇಳಿದ್ದು ನನ್ನ ಎದೆಯ ಮಾತು. ನಮ್ಮ ಮನೆತನದಲ್ಲಿ ತಮಟೆ ಬಾರಿಸುವುದು ಬಿಟ್ಟಿ ಚಾಕರಿಯಾಗಿತ್ತು. ಹಬ್ಬಕ್ಕೂ ಕರೆಯುತ್ತಿದ್ದರು, ಸಾವಿಗೂ ಕರೆಯುತ್ತಿದ್ದರು, ಬೀದಿಯ ತುದಿಯಲ್ಲಿ ನಿಲ್ಲಿಸುತ್ತಿದ್ದರು. ಬಾರಿಸುವುದಿಲ್ಲ ಎನ್ನುವ ಹಕ್ಕು ನಮ್ಮ ಅಜ್ಜನಿಗೆ ಇರಲಿಲ್ಲ. ಆದ್ದರಿಂದ ನನ್ನಂಥವನ ಮುಂದೆ "ಕಲೆಯನ್ನು ಸೇವೆಗೆ ಬಳಸು" ಎಂದರೆ ಮೈ ಉರಿಯುತ್ತದೆ. ಈಗ ನಾನು ವೇದಿಕೆಯ ಮೇಲೆ ಬಾರಿಸುತ್ತೇನೆ, ಸಂಭಾವನೆ ಪಡೆದೇ ಬಾರಿಸುತ್ತೇನೆ. ಇದು ಮೊದಲು ಎಲ್ಲರಿಗೂ ತಿಳಿದಿರಲಿ.

ಇನ್ನು ನನ್ನ ಮನೆಯೊಳಗಿನ ಸಂಗತಿ. ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಬಂದು ಆರು ವರ್ಷ. ಪೂಜಾ ಕುಣಿತದವರ ಮುಂದೆ ರಾತ್ರಿಯಿಡೀ ತಮಟೆ ಬಾರಿಸುತ್ತಿದ್ದವರ ಹೆಜ್ಜೆ ಈಗ ಹೊಸ್ತಿಲ ಮುಂದೆ ನಿಂತುಬಿಡುತ್ತದೆ. ಪಾದ ನೆಲಕ್ಕೆ ಅಂಟಿದಂತೆ. ಮೈ ಮುಂದಕ್ಕೆ ಬಾಗುತ್ತದೆ, ಕಾಲು ಬರುವುದಿಲ್ಲ. ನಾವು ಎಳೆದರೆ ಮುಗ್ಗರಿಸುತ್ತಾರೆ. ಒಂದು ದಿನ ಕಾರ್ಯಕ್ರಮಕ್ಕೆ ಹೊರಡಬೇಕೆಂದು ಅಂಗಳದಲ್ಲಿ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಿದ್ದೆ. ಚರ್ಮ ಬಿಗಿಯಿತೇ ಎಂದು ನೋಡಲು ನಾಲ್ಕು ಪೆಟ್ಟು ಹಾಕಿದೆ. ಒಳಗೆ ಹೊಸ್ತಿಲ ಬಳಿ ನಿಂತಿದ್ದ ಅಪ್ಪ ಆ ನಾಲ್ಕು ಪೆಟ್ಟಿಗೆ ನಾಲ್ಕು ಹೆಜ್ಜೆ ಹಾಕಿ ಹೊರಗೆ ಬಂದರು. ಅವ್ವ ಕೈಯಲ್ಲಿದ್ದ ಚೊಂಬನ್ನು ಹಾಗೆಯೇ ಹಿಡಿದು ನಿಂತಿದ್ದಳು.

ಅಂದಿನಿಂದ ತಮಟೆ ಬೇಕಿಲ್ಲ, ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರೂ ಸಾಕು. ನಾನಿಲ್ಲದಾಗ ಮೊಬೈಲಿನಲ್ಲಿ ಧ್ವನಿಮುದ್ರಿಸಿಟ್ಟಿದ್ದೇನೆ. ಅಪ್ಪನೇ ಒತ್ತಿಕೊಂಡು ನಡೆಯುತ್ತಾರೆ. ಇದಕ್ಕೆ ವಿಜ್ಞಾನವಿದೆಯೇ, ಅಥವಾ ನಮ್ಮ ಅಪ್ಪನ ವಿಶೇಷವೇ ತಿಳಿಯದು.

ಫಿಸಿಯೋ ಅಕ್ಕ

ಖಂಡಿತ ವಿಜ್ಞಾನವಿದೆ ತಮ್ಮ. ನಡಿಗೆಯ ಲಯವನ್ನು ಒಳಗಿನಿಂದ ಎಣಿಸಿಕೊಡುವ ಮಿದುಳಿನ ಭಾಗ ಆ ಕಾಯಿಲೆಯಲ್ಲಿ ಸೊರಗುತ್ತದೆ. ಹೊರಗಿನಿಂದ ಒಂದು ತಾಳ ಕೊಟ್ಟರೆ ಮಿದುಳು ಬೇರೆ ದಾರಿ ಹಿಡಿದು ಹೆಜ್ಜೆ ಇಡಿಸುತ್ತದೆ. ನಾವು ಇದಕ್ಕೆ ಮೆಟ್ರೊನೋಮ್ ಎಂಬ ಟಿಕ್ ಟಿಕ್ ಯಂತ್ರ ಬಳಸುತ್ತೇವೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡದವರು 2001ರಿಂದ ಪಾರ್ಕಿನ್ಸನ್ ಇರುವವರಿಗಾಗಿಯೇ ನೃತ್ಯ ತರಗತಿ ನಡೆಸುತ್ತಾ ಬಂದಿದ್ದಾರೆ. ನಿಮ್ಮ ತಂದೆಯ ಮೈಯಲ್ಲಿ ಆ ತಾಳ ಮೊದಲೇ ಊರಿರುವುದರಿಂದ ನಮ್ಮ ಯಂತ್ರಕ್ಕಿಂತ ನಿಮ್ಮ ಬೆರಳೇ ಮೇಲು ಎಂದು ನನಗನ್ನಿಸುತ್ತದೆ. ತಾಳ ತುಂಬಾ ಚುರುಕಾಗದಂತೆ ನೋಡಿಕೊಳ್ಳಿ, ಅವಸರಕ್ಕೆ ಬಿದ್ದಾರು. ನೀವು ಒಪ್ಪಿದರೆ ನನ್ನ ಬಳಿ ಬರುವ ಇಬ್ಬರಿಗೆ ನಿಮ್ಮ ಧ್ವನಿಮುದ್ರಿಕೆ ಬೇಕು. ಸಂಭಾವನೆ ಕೊಟ್ಟೇ ಪಡೆಯುತ್ತೇನೆ.

ಸರಸ್ವತಿಪುರಂ ಓದುಗ

ಹೆಸರಿನ ಬಲವನ್ನು ಇಷ್ಟು ಹಗುರವಾಗಿ ಬದಿಗಿಡಬೇಡಿ ಎಂದು ಹಿರಿಯನಾಗಿ ಒಂದು ಮಾತು. ರಾಜ್‌ಕುಮಾರ್ 1982ರಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿಗೆ ಧುಮುಕಿದಾಗ ನಾನು ಕಾಲೇಜಿನಲ್ಲಿದ್ದೆ. ಸಾಹಿತಿಗಳು ತಿಂಗಳುಗಟ್ಟಲೆ ಹೇಳುತ್ತಿದ್ದ ವಿಷಯ ಹಳ್ಳಿಹಳ್ಳಿಗೆ ಮುಟ್ಟಿದ್ದು ಅವರು ಬಂದ ಮೇಲೆ. 2006ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಹಾಗೆಯೇ. ಎರಡು ಕಣ್ಣಿನ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗವನ್ನು, ಮುಂಪದರ, ಹಿಂಪದರ ಎಂದು ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ನನ್ನ ತಮ್ಮನ ಮಗ ಅದನ್ನು ಕೇಳಿ ಮರುದಿನವೇ ನೋಂದಣಿ ಮಾಡಿಸಿ, ಮನೆಮಂದಿಯಿಂದಲೂ ಮಾಡಿಸಿದ. ಯಾವ ವೈದ್ಯರ ಭಾಷಣವೂ ಮಾಡಲಾಗದ ಕೆಲಸವದು. ನಮ್ಮ ಮೈಸೂರಿನಲ್ಲೇ ಶಕ್ತಿಧಾಮವಿದೆ. ಪಾರ್ವತಮ್ಮನವರು ಮುಂದೆ ನಿಂತು ನಡೆಸಿದ, ನೊಂದ ಹೆಣ್ಣುಮಕ್ಕಳ ಆಸರೆ.

ಓಟಗಾರ್ತಿ ಅಶ್ವಿನಿ ನಾಚಪ್ಪ ಟ್ರ್ಯಾಕ್ ಬಿಟ್ಟ ಮೇಲೆ ಕೊಡಗಿನ ಗೋಣಿಕೊಪ್ಪದ ಬಳಿ ಶಾಲೆ ಕಟ್ಟಿದರು, ಅಲ್ಲಿ ಪಾಠದ ಜೊತೆ ಆಟಕ್ಕೂ ಸಮಾನ ಸ್ಥಾನ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದು, ಮುಂದೆ ತರಬೇತುದಾರರಾದರು. ಇವರದು ಹೆಸರೂ ಹೌದು, ವಿದ್ಯೆಯೂ ಹೌದು. ಎರಡನ್ನೂ ಒಂದರ ಎದುರು ಒಂದು ನಿಲ್ಲಿಸುವುದೇಕೆ?

ಹಳೆಯ ಪ್ರೇಕ್ಷಕಿ, ಮೈಸೂರು

ಒಂದೇ ಒಂದು ಸೇರಿಸುತ್ತೇನೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಜೈಲಿನ ಕೈದಿಗಳನ್ನು ಕಟ್ಟಿಕೊಂಡು ನಾಟಕ ಮಾಡಿಸಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ನಾನು ಅಂಥದ್ದೊಂದು ಪ್ರದರ್ಶನ ನೋಡಿದ್ದೇನೆ. ಪಕ್ಕದಲ್ಲಿ ಪೊಲೀಸರು ನಿಂತಿದ್ದರು. ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಿದ್ದ ಒಬ್ಬನ ಬಳಿ ಅವನ ಮಗಳು ಬಂದಳು, ಏಳೆಂಟು ವರ್ಷವಿರಬೇಕು. ಅಪ್ಪನ ಮುಖದ ಅರ್ಧ ಬಣ್ಣವನ್ನು ಅವಳೇ ತನ್ನ ಲಂಗದ ಅಂಚಿನಿಂದ ಒರೆಸಿದಳು. ಆ ಲಂಗದ ಮೇಲಿನ ಕೆಂಪು ಕಲೆ ನನಗೆ ಇವತ್ತಿಗೂ ಕಾಣಿಸುತ್ತದೆ. ನಟನೆ ಕಲಿಸುವವರು ಅಲ್ಲಿ ಕಲಿಸಿದ್ದು ನಟನೆಯನ್ನು ಮಾತ್ರ ಅಲ್ಲ, ಇನ್ನೊಬ್ಬನ ಮಾತನ್ನು ಅವನ ಜಾಗದಲ್ಲಿ ನಿಂತು ಆಡುವುದನ್ನು. ತಪ್ಪು ಮಾಡಿದವನಿಗೆ ಅದಕ್ಕಿಂತ ದೊಡ್ಡ ಪಾಠ ಯಾವುದಿದೆ?

ರೈಡರ್

ಓದುಗ ಸರ್, ಒಪ್ಪಿದೆ. ನನ್ನ ಮಾತು ಹೆಸರಿನ ವಿರುದ್ಧವಲ್ಲ, ಬಿಟ್ಟಿಯ ವಿರುದ್ಧ. ನಾಲೆಯ ದಂಡೆ ಅಣ್ಣ, ಈ ಬೇಸಿಗೆಗೆ ನಾನೂ ಬರುತ್ತೇನೆ. ಭುಜದಿಂದ ಈಜಲಾಗದು, ದಡದಲ್ಲಿ ನಿಂತು ಹಗ್ಗ ಹಿಡಿಯಬಲ್ಲೆ.

ನಾಲೆಯ ದಂಡೆ

ಬಾ ತಮ್ಮ. ದಡದಲ್ಲಿ ಕಣ್ಣಿಟ್ಟು ಕೂರುವವರಿಲ್ಲದೆ ನಾನು ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ಇಳಿಸುವುದಿಲ್ಲ. ನೀನು ಬಂದರೆ ಎಂಟು ಮಂದಿ. ಬಸ್ಸಿನ ಖರ್ಚು, ಊಟ ನಮ್ಮ ಮನೆಯದು. ಗೌರವಧನದ ವಿಚಾರ ಪಂಚಾಯಿತಿಯಲ್ಲಿ ಎತ್ತಿದ್ದೇನೆ, ಅರ್ಜಿಯಲ್ಲಿ ಇಬ್ಬರ ಹೆಸರೂ ಬರೆಯುತ್ತೇನೆ.

ಮಟ್ಟಿಮಣ್ಣು

ಇವತ್ತು ಭಾನುವಾರ, ವರದಿ ಒಪ್ಪಿಸುತ್ತಿದ್ದೇನೆ. ಫಿಸಿಯೋ ಮೇಡಂ ಸ್ವತಃ ಬಂದಿದ್ದರು. ಎಂಟು ಜನ ಹಿರಿಯರ ರಕ್ತದೊತ್ತಡ ನೋಡಿ, ಮಾತ್ರೆಗಳ ಪಟ್ಟಿ ಬರೆದುಕೊಂಡರು. ಇಬ್ಬರಿಗೆ ಮೊದಲು ಮೂಳೆಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೂರಿಸಿದರು. ಉಳಿದ ಆರು ಜನ ಕುರ್ಚಿಯ ಬಸ್ಕಿ ಹಾಕಿದರು. ಚಾಲಕರು ಎಣಿಸುತ್ತಿದ್ದರು, "ರೈಟ್, ರೈಟ್" ಎಂದು.

ಆಮೇಲೆ ನೆಲದಿಂದ ಏಳುವ ಪಾಠ. ನಾನೇ ಮೊದಲು ಮಲಗಿ ತೋರಿಸಿದೆ. ಮೊಣಕಾಲು ನೋಯುವುದರಿಂದ ನನಗೂ ಕುರ್ಚಿ ಬೇಕಾಯಿತು. ಅದನ್ನು ನೋಡಿ ಅವರಿಗೆ ಸಂಕೋಚ ಬಿಟ್ಟಿತು. ಅರುವತ್ತೆಂಟು ವರ್ಷದ ಒಬ್ಬ ತಾಯಿ ನೆಲದ ಮೇಲೆ ಕೂರುವುದನ್ನೇ ಬಿಟ್ಟು ಒಂಬತ್ತು ವರ್ಷವಾಗಿತ್ತಂತೆ, ಕೂತರೆ ಏಳಲಾರೆ ಎಂಬ ಹೆದರಿಕೆಗೆ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಅಲ್ಲಿಯೇ ಸ್ವಲ್ಪ ಹೊತ್ತು ನಿಂತರು. ನಾನು ಕೈ ಕೊಡಲು ಹೋದೆ, ಮೇಡಂ ತಡೆದರು. ಎದ್ದು ನಿಂತವರು ಸೀರೆ ಕೊಡವಿಕೊಂಡು, "ಇನ್ನೊಂದು ಸಲ ಮಾಡುತ್ತೇನೆ" ಎಂದರು.

ಒಬ್ಬೊಬ್ಬರು ತಿಂಗಳಿಗೆ ಐವತ್ತು ರೂಪಾಯಿ ಎಂದು ಎಲ್ಲರೂ ಸೇರಿ ನಿಶ್ಚಯಿಸಿದ್ದಾರೆ. ಮೊದಲ ತಿಂಗಳ ಹಣದಲ್ಲಿ ಗಟ್ಟಿ ಮರದ ಕುರ್ಚಿ ಎರಡು ಕೊಳ್ಳಬೇಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಯಾರ ಮನೆಯಲ್ಲಾದರೂ ಹಳೆಯದು ಇದ್ದರೆ ತಿಳಿಸಿ, ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ.